ಬಾಣದಕ್ಕ ಕೊಟ್ಟ ಹೇಳಿಕೆ

ನೀವು ತೊಟ್ಟಿರುವ ಅಂಗಿಯ ಕಾಲರನ್ನು ಒಂದು ಸಲ ತಿರುಗಿಸಿ ನೋಡಿ. ಹೊಲಿಗೆಯ ಸಾಲು ಎಲ್ಲೂ ತಪ್ಪದೆ ಓಡಿದ್ದರೆ ಅದಕ್ಕೆ ಇಬ್ಬರು ಕಾರಣ, ಹೊಲಿದವಳು ಮತ್ತು ನೋಡಿದವಳು. ಹೊಲಿದವಳ ಬಗ್ಗೆ ಅಪರೂಪಕ್ಕಾದರೂ ಯಾರಾದರೂ ಒಂದು ಮಾತು ಬರೆಯುತ್ತಾರೆ. ನೋಡಿದವಳನ್ನು ಯಾರೂ ಕೇಳುವುದಿಲ್ಲ. ಇದು ನೋಡಿದವಳ ಕಥೆ.

ಆಕೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಚೆಕ್ಕರ್. ಹೊಲಿದು ಬಂದ ಅಂಗಿಯನ್ನು ಟ್ಯೂಬ್‌ಲೈಟಿನ ಕೆಳಗೆ ಬಿಳಿ ಮೇಜಿನ ಮೇಲೆ ಹರಡಿ, ಕಾಲರ್, ತೋಳಿನ ಪಟ್ಟಿ, ಗುಂಡಿ ಪಟ್ಟಿ, ಪಕ್ಕದ ಹೊಲಿಗೆ, ಕೆಳಗಿನ ಮಡಿಕೆ, ಹೀಗೆ ಒಂದೇ ವರಸೆಯಲ್ಲಿ ಕಣ್ಣು ಮತ್ತು ಬೆರಳು ಎರಡನ್ನೂ ಓಡಿಸುವ ಕೆಲಸ. ಒಂದು ಅಂಗಿಗೆ ಐವತ್ತು ಸೆಕೆಂಡು. ಎಲ್ಲಾದರೂ ಹೊಲಿಗೆ ಬಿಟ್ಟಿದ್ದರೆ, ದಾರ ಎಳೆದಿದ್ದರೆ, ಆ ಜಾಗಕ್ಕೆ ಮೊನೆ ಮಾಡಿ ಒಂದು ಕೆಂಪು ಬಾಣದ ಸ್ಟಿಕರ್ ಅಂಟಿಸಬೇಕು. ಉಗುರಿನಷ್ಟೇ ಅಗಲದ ಸ್ಟಿಕರ್. ಅದನ್ನು ಅಂಟಿಸಿ ಅಂಟಿಸಿಯೇ ಆಕೆಗೆ ಬಾಣದಕ್ಕ ಎಂಬ ಹೆಸರು ಬಂತು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ಆಕೆಯ ನಿಜವಾದ ಹೆಸರು ಸಂಬಳದ ಪಟ್ಟಿ ನೋಡಿದರೂ ಗುರುತು ಹತ್ತುತ್ತಿರಲಿಲ್ಲ.

ಬಾಣ ಬಿದ್ದ ಅಂಗಿ ಹೊಲಿದವಳ ಬಳಿಗೆ ವಾಪಸ್ ಹೋಗುತ್ತದೆ. ಅವಳು ಬಿಚ್ಚಿ ಮತ್ತೆ ಹೊಲಿಯುತ್ತಾಳೆ. ಬಾಣದಕ್ಕ ಮತ್ತೆ ನೋಡುತ್ತಾಳೆ. ಸರಿಯಾಗಿದ್ದರೆ ಹೆಬ್ಬೆರಳಿನ ಉಗುರಿನಿಂದ ಸ್ಟಿಕರ್ ಕಿತ್ತು ಮೇಜಿನ ಅಂಚಿಗೆ ಒತ್ತಿ, ಅಂಗಿಯನ್ನು ಇಸ್ತ್ರಿಗೆ ತಳ್ಳುತ್ತಾಳೆ. ಸರಿಹೋದ ಪೀಸಿನ ಮೇಲೆ ಬಾಣ ಉಳಿಯಕೂಡದು. ಕಾರ್ಖಾನೆಯ ಮೊದಲ ಪಾಠ ಇದು. ಮರೆತು ಬಾಣ ಸಮೇತ ಅಂಗಿ ಪೆಟ್ಟಿಗೆ ಸೇರಿತು ಅಂದರೆ ಚೆಕ್ಕರಿಗೆ ಮಂಗಳಾರತಿ.

ಇನ್ನೊಂದು ಪಾಠವೂ ಇತ್ತು, ಅದನ್ನು ಯಾರೂ ಕಲಿಸಿರಲಿಲ್ಲ. ಸಂಜೆ ಸೂಪರ್‌ವೈಸರ್ ಬಂದು ಯಾವ ನಂಬರಿನ ಹುಡುಗಿಗೆ ಎಷ್ಟು ಬಾಣ ಬಿತ್ತು ಎಂದು ಹಲಗೆಯ ಮೇಲೆ ಬರೆಯುತ್ತಿದ್ದ. ಮೂರು ದಿನ ಸತತವಾಗಿ ಮಿತಿ ಮೀರಿದವಳು ನಾಲ್ಕನೇ ದಿನ ಅವನ ಮೇಜಿನ ಪಕ್ಕ ಒಂದು ಗಂಟೆ ನಿಂತಿರಬೇಕು, ಇಡೀ ಕಾರ್ಖಾನೆಗೆ ಕಾಣುವ ಹಾಗೆ. ಮದುವೆಯಾಗಿ ಎರಡು ಮಕ್ಕಳ ತಾಯಿಯಾದವಳೂ ನಿಂತಿರಬೇಕು. ಇದನ್ನು ಶಿಸ್ತು ಎಂದು ಕರೆಯುವ ಜನ ಇದ್ದಾರೆ. ಬಾಣದಕ್ಕ ಅವನು ಬರುವ ಮೊದಲೇ ಅಂಥವಳ ನಾಲ್ಕಾರು ಬಾಣ ಕಿತ್ತು, ಅಂಗಿಗಳನ್ನು ಮಡಿಲಿಗೆ ಹಾಕಿಕೊಂಡು, ಟೀ ಹೊತ್ತಿನಲ್ಲಿ ಅವಳ ಮಿಷನ್ ಬಳಿ ಹೋಗುತ್ತಿದ್ದಳು.

"ಏ ಮಹಾರಾಣಿ, ಸೂಜಿ ಬದಲಾಯಿಸು. ನಿನ್ನ ಮಿಷನ್ ಕುಂಟ್ತಾ ಇದೆ."

"ನಾಳೆ ಬದಲಾಯಿಸ್ತೀನಿ ಅಕ್ಕಾ."

"ನಾಳೆ ನೀನು ಅವನ ಮೇಜಿನ ಪಕ್ಕ ದೀಪದ ಕಂಬ ಆಗಿರ್ತೀಯ. ಈಗ್ಲೇ ಬದಲಾಯಿಸು."

ಇದು ದೊಡ್ಡ ಗುಣ ಎಂದು ಹೊಗಳಿ ಮುಗಿಸಲು ನನಗೆ ಇಷ್ಟವಿಲ್ಲ. ಟೀ ಹೊತ್ತು ಸಾಲದೆ, ಹಾಗೇ ಇಸ್ತ್ರಿಗೆ ಹೋಗಿಬಿಟ್ಟ ಅಂಗಿಗಳೂ ಇದ್ದವು. ಅದನ್ನು ಆಕೆಯೇ ಒಪ್ಪಿಕೊಂಡಳು. ಎಲ್ಲೋ ಯಾರದೋ ಕಂಕುಳಲ್ಲಿ ಬಿಟ್ಟುಕೊಂಡಿರುವ ಹೊಲಿಗೆಗೆ ಆಕೆಯ ಕರುಣೆಯೂ ಕಾರಣ. ಹುಡುಗಿಯರಿಗೆ ಮಾಡಿದ ಉಪಕಾರವನ್ನು ಗುರುತೇ ಇಲ್ಲದ ಒಬ್ಬನ ಬೆನ್ನ ಮೇಲೆ ಹೊರಿಸಿದ್ದಳು. ಇಷ್ಟು ಹೇಳಿಟ್ಟು ಮುಂದೆ ಹೋಗುತ್ತೇನೆ.

ಆ ವರ್ಷ ಉಸಿರಾಟದ ವೈರಸ್ ಜ್ವರ ಊರನ್ನೆಲ್ಲ ಹಿಡಿದಿತ್ತು. ಕಾರ್ಖಾನೆಯ ಅರ್ಧ ಮಿಷನ್‌ಗಳು ಸುಮ್ಮನಿದ್ದವು, ಉಳಿದರ್ಧ ಕೆಮ್ಮುತ್ತಿದ್ದವು. ಬಾಣದಕ್ಕ ನಾಲ್ಕು ದಿನ ಮಾತ್ರೆ ನುಂಗಿ ಕೆಲಸಕ್ಕೆ ಹೋದಳು. ಐದನೇ ದಿನ ಒಂದು ಹೊಲಿಗೆ ಎರಡಾಗಿ ಕಂಡಿತು. ಎಲ್ಲ ಅಂಗಿಗೂ ಬಾಣ ಅಂಟಿಸತೊಡಗಿದಾಗ ಸೂಪರ್‌ವೈಸರಿಗೇ ಗಾಬರಿಯಾಗಿ ಮನೆಗೆ ಫೋನ್ ಮಾಡಿಸಿದ. ಮಗಳು ಬಂದು ಆಸ್ಪತ್ರೆಗೆ ಸೇರಿಸಿದಳು. ತಾಯಿಗೆ ಐವತ್ತೆರಡು, ಮಗಳಿಗೆ ಮೂವತ್ತು, ಇಬ್ಬರೇ ಇರುವ ಮನೆ. ಮಗಳು ಒಂದು ಶಾಲೆಯ ಕಚೇರಿಯಲ್ಲಿ ಗುಮಾಸ್ತೆ. ಅರ್ಜಿ ಬರೆಯುವುದರಲ್ಲಿ ಎತ್ತಿದ ಕೈ. ಅದು ಮುಂದೆ ಬರುತ್ತದೆ.

ಎರಡೂ ಕಡೆ ಶ್ವಾಸಕೋಶದಲ್ಲಿ ಸೋಂಕು ಎಂದರು. ಮೂಗಿಗೆ ಆಕ್ಸಿಜನ್ ಕೊಳವೆ ಸಿಕ್ಕಿಸಿದರು. ಎರಡು ದಿನ ಹೇಗೋ ನಡೆಯಿತು. ಮೂರನೇ ದಿನ ಬೆಳಗ್ಗೆ ಮಗಳು ಹೋದಾಗ ತಾಯಿಯ ಎದೆಗೆ ವೈರುಗಳು, ತಲೆಯ ಪಕ್ಕದಲ್ಲಿ ಹಸಿರು ಗೆರೆ ಓಡುವ ಒಂದು ಪೆಟ್ಟಿಗೆ.

"ಇದೇನು ಡಾಕ್ಟ್ರೇ ಇದು?"

"ಹಾರ್ಟ್ ಬೀಟ್ ತಾಳ ತಪ್ಪಿದೆ. ನಿಮಿಷಕ್ಕೆ ನೂರಾ ಐವತ್ತು ಹೋಗ್ತಿದೆ." ಮುಖಗವಸು, ಅದರ ಮೇಲೆ ಪ್ಲಾಸ್ಟಿಕ್ ಪರದೆ ಹಾಕಿಕೊಂಡಿದ್ದ ಡಾಕ್ಟರಿಗೆ ಮಗಳಷ್ಟೇ ವಯಸ್ಸಿರಬೇಕು. ಕಣ್ಣು ಮಾತ್ರ ಕಾಣುತ್ತಿತ್ತು, ಅವೂ ನಿದ್ದೆಗೆಟ್ಟಿದ್ದವು.

"ನಾನು ಕೆಮ್ಮು ಜ್ವರ ಅಂತ ಸೇರಿಸಿದ್ದು. ಅಮ್ಮನಿಗೆ ಹಾರ್ಟ್ ತೊಂದರೆ ಯಾವತ್ತೂ ಇರ್ಲಿಲ್ಲ."

"ಇರ್ಬೇಕು ಅಂತೇನಿಲ್ಲ. ಸೋಂಕು ಜೋರಾದಾಗ, ಆಕ್ಸಿಜನ್ ಕಡಿಮೆಯಾದಾಗ, ಹಾರ್ಟಿನ ಮೇಲಿನ ಕೋಣೆಗಳು ಸರಿಯಾಗಿ ಬಡಿಯೋದು ಬಿಟ್ಟು ನಡುಗೋಕೆ ಶುರು ಮಾಡುತ್ತವೆ. ಈ ವಾರ್ಡಿನಲ್ಲೇ ಇದು ಮೂರನೇ ಕೇಸ್."

"ಹಾಗಾದ್ರೆ ಇದು ಜ್ವರದಿಂದ ಬಂದಿದ್ದು, ಜ್ವರದ ಜೊತೆ ಹೋಗುತ್ತೆ?"

"ಹೋಗ್ಬಹುದು."

"ಹೋಗ್ಬಹುದು ಅಂದ್ರೆ?"

"ಹೋಗಿ ಮತ್ತೆ ಬರ್ಬಹುದು. ಮೊದಲಿಂದಲೂ ಒಳಗಿದ್ದು ಈಗ ಕಾಣಿಸಿಕೊಂಡಿರ್ಬಹುದು. ಈಗ್ಲೇ ಹೇಳೋಕಾಗಲ್ಲ."

ಮಗಳು ತಲೆ ಕೆಟ್ಟು ಹೊರಗೆ ಬಂದಳು. ಅಷ್ಟರಲ್ಲಿ ಇನ್ನೊಬ್ಬ ಹಿರಿಯ ಡಾಕ್ಟರು ಎದುರಾಗಿ, "ಲಂಗ್ಸ್ ಬಗ್ಗೆ ಯೋಚನೆ ಮಾಡಿ, ಹಾರ್ಟ್ ತಾನಾಗಿ ಸರಿಹೋಗುತ್ತೆ" ಎಂದು ಹೇಳಿ ಲಿಫ್ಟಿನೊಳಗೆ ಮಾಯವಾದರು. ಯಾವುದನ್ನು ನಂಬುವುದು? ಇಬ್ಬರೂ ಸುಳ್ಳು ಹೇಳಿರಲಿಲ್ಲ. ಆದರೆ ಇಬ್ಬರ ಮಾತನ್ನು ಒಟ್ಟಿಗೆ ಕೂರಿಸಿ ಅರ್ಥ ಹೇಳುವ ಮೂರನೆಯವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ.

ಬಾಣದಕ್ಕನಿಗೆ ಮಾತ್ರ ಆ ಪೆಟ್ಟಿಗೆ ಇಷ್ಟವಾಗಿತ್ತು. ಉಸಿರು ಎಳೆದುಕೊಳ್ಳುತ್ತಲೇ ಸಿಸ್ಟರಿಗೆ ಹೇಳಿದಳು: "ಆ ಗೆರೆ ನೋಡಮ್ಮ. ಒಂದು ಕಡೆ ಎರಡು ಹೊಲಿಗೆ ಒತ್ತಾಗಿ ಬಿದ್ದಿದೆ, ಇನ್ನೊಂದು ಕಡೆ ದೂರ ದೂರ. ನನ್ನ ಟೇಬಲ್ಲಿಗೆ ಬಂದಿದ್ರೆ ಬಾಣ ಹಾಕಿ ವಾಪಸ್ ಕಳಿಸ್ತಿದ್ದೆ."

"ನಾವೂ ಹಾಕ್ತೀವಲ್ಲ" ಎಂದು ನಕ್ಕಳು ಸಿಸ್ಟರ್. ಇಪ್ಪತ್ತನಾಲ್ಕರ ಹುಡುಗಿ, ಗುತ್ತಿಗೆಯ ಮೇಲೆ ಸೇರಿ ಏಳು ತಿಂಗಳಾಗಿತ್ತು. ಆ ವಾರ ಹದಿನೆಂಟು ಹಾಸಿಗೆಗೆ ಅವಳೊಬ್ಬಳೇ.

ನಗುವಿನಲ್ಲಿ ಅವಳು ಹೇಳಿದ್ದು ನಿಜವೇ ಆಗಿತ್ತು. ಹೃದಯದ ಬಡಿತ ತಪ್ಪಿದ ರೋಗಿಯ ಫೈಲಿನ ರಟ್ಟಿಗೆ ಅಲ್ಲಿ ಒಂದು ಕಿತ್ತಳೆ ಬಣ್ಣದ ಸ್ಟಿಕರ್ ಅಂಟಿಸುತ್ತಾರೆ. ಬಡಿತ ಸರಿಹೋದರೂ ಐದು ದಿನ ಈ ರೋಗಿಯನ್ನು ಪೆಟ್ಟಿಗೆಯಿಂದ ಬಿಡಿಸಬೇಡಿ, ದಿನಕ್ಕೆರಡು ಸಲ ಇಸಿಜಿ ತೆಗೆಯಿರಿ ಎಂದು ಅದರ ಅರ್ಥ. ಡಾಕ್ಟರಿಗೆ ಗೊತ್ತು, ಸಿಸ್ಟರಿಗೆ ಗೊತ್ತು, ಹಾಸಿಗೆ ತಳ್ಳುವವನಿಗೂ ಗೊತ್ತು. ಯಾರ ಹೃದಯದ ಮೇಲೆ ಆ ಗುರುತು ಬಿದ್ದಿದೆಯೋ ಅವರಿಗೆ ಮಾತ್ರ ಯಾರೂ ಹೇಳುವುದಿಲ್ಲ.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಗೆರೆ ತಾಳಕ್ಕೆ ಬಂತು. ಎಳೆಯ ಡಾಕ್ಟರು ಬಂದು ನೋಡಿ, "ಸರಿಹೋಗಿದೆ ಅಮ್ಮ, ಈಗ ನಾರ್ಮಲ್" ಎಂದರು. ಎಕ್ಸ್‌ರೇಗೆ ಕರೆದೊಯ್ಯಲು ಅಷ್ಟು ಹೊತ್ತಿಗೆ ಮಾತ್ರ ವೈರು ಬಿಚ್ಚಿ, ಆಕೆಯನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ, ಫೈಲನ್ನು ಮಡಿಲಲ್ಲಿಟ್ಟು, ಕೆಳಗಿನ ಮಹಡಿಯ ಉದ್ದನೆಯ ಸಾಲಿನಲ್ಲಿ ಬಿಟ್ಟುಬಂದರು. ಅಲ್ಲಿ ಆಕೆ ಮುಕ್ಕಾಲು ಗಂಟೆ ಕೂತಿದ್ದಳು. ಮೈ ಇನ್ನೂ ಸುಡುತ್ತಿತ್ತು.

ಆ ಮುಕ್ಕಾಲು ಗಂಟೆಯಲ್ಲಿ ಏನಾಯಿತು ಎಂಬುದು ಈವರೆಗೆ ಯಾರಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟು. ಮರುದಿನ ಬೆಳಗ್ಗೆ ಬಾಗಿಲಲ್ಲಿ ಹೊಸ ರೋಗಿಗಳು ಕಾಯುತ್ತಿದ್ದರು, ಹಾಸಿಗೆ ಖಾಲಿ ಮಾಡಬೇಕಿತ್ತು. ವಾರ್ಡಿನ ಮುಖ್ಯಸ್ಥೆ ಫೈಲುಗಳನ್ನು ಎರಡು ಗುಡ್ಡೆ ಮಾಡಿದರು. ಕಿತ್ತಳೆ ಗುರುತು ಇದ್ದವರು ಇಲ್ಲೇ, ಇಲ್ಲದವರು ಮೂರನೇ ಮಹಡಿಗೆ. ಬಾಣದಕ್ಕನ ಫೈಲಿನ ರಟ್ಟು ಬರಿದಾಗಿತ್ತು. ಒಳಗಿನ ಹಾಳೆಯಲ್ಲಿ ಎಲ್ಲವನ್ನೂ ಬರೆದಿದ್ದರು, ದಿನಾಂಕ, ಗಂಟೆ, ಬಡಿತದ ಲೆಕ್ಕ ಸಮೇತ. ತೆರೆದು ಓದಲು ಒಬ್ಬರಿಗೂ ಪುರುಸೊತ್ತಿರಲಿಲ್ಲ. ಒಂದು ಜೀವವನ್ನು ಉಗುರಗಲದ ಅಂಟು ಕಾಗದಕ್ಕೆ ನೇತುಹಾಕಿ ಅದನ್ನು ವ್ಯವಸ್ಥೆ ಎಂದು ಕರೆದುಕೊಳ್ಳುವವರಿಗೆ ನಾಚಿಕೆ ಎಂಬುದು ಯಾವ ಮಹಡಿಯಲ್ಲಿದೆಯೋ ಕಾಣೆ.

ಮೂರನೇ ಮಹಡಿಯಲ್ಲಿ ಪೆಟ್ಟಿಗೆಗಳಿರಲಿಲ್ಲ. ಎರಡನೇ ದಿನ ಬೆಳಗ್ಗೆ ಹತ್ತರ ಸುಮಾರಿಗೆ ಬಾಣದಕ್ಕನಿಗೆ ಒಳಗೆ ಏನೋ ಬದಲಾದಂತೆ ಅನ್ನಿಸಿತು. ಕೆಳಗಿನ ದಾರ ಮುಗಿದ ಮೇಲೂ ಮಿಷನ್ ಸುಮ್ಮನೆ ಓಡುತ್ತದಲ್ಲ, ಸೂಜಿ ಕುಟ್ಟುತ್ತದೆ, ಹೊಲಿಗೆ ಬೀಳುವುದಿಲ್ಲ, ಹಾಗಿತ್ತು ಎಂದು ಆಕೆಯೇ ಹೇಳಿದಳು. ನಿಶ್ಶಕ್ತಿ ಇರಬೇಕು ಎಂದುಕೊಂಡಳು. ಸರಿಹೋಗಿದೆ ಎಂದು ಡಾಕ್ಟರೇ ಹೇಳಿದ ಮೇಲೆ ಮತ್ತೆ ಯಾರನ್ನು ಕರೆಯುವುದು? ಎದ್ದು ಬಚ್ಚಲಿಗೆ ಹೋದಳು. ಅಲ್ಲಿ ಕಣ್ಣು ಕತ್ತಲಿಟ್ಟು ಬಿದ್ದಳು. ಹುಬ್ಬು ಬೇಸಿನ್ನಿಗೆ ಬಡಿಯಿತು.

ಹುಬ್ಬಿಗೆ ನಾಲ್ಕು ಹೊಲಿಗೆ ಬಿತ್ತು. ಮತ್ತೆ ಕೆಳಗಿನ ವಾರ್ಡು, ಮತ್ತೆ ವೈರು, ಮತ್ತೆ ಹಸಿರು ಗೆರೆ. ಕನ್ನಡಿ ಕೇಳಿ ಪಡೆದು ಹುಬ್ಬು ನೋಡಿಕೊಂಡವಳು ಹೊಲಿದ ಡಾಕ್ಟರಿಗೆ, "ನಾಲ್ಕನೇದು ಸ್ವಲ್ಪ ಎಳೆದಿದೆ, ಆದ್ರೂ ಪಾಸ್ ಮಾಡ್ತೀನಿ" ಎಂದಳು.

ಮಗಳಿಗೆ ನಗು ಬರಲಿಲ್ಲ. ಕಿತ್ತಳೆ ಗುರುತಿನ ವಿಷಯವನ್ನು ಹಾಸಿಗೆ ತಳ್ಳುವವನಿಂದ ತಿಳಿದುಕೊಂಡು, ಅಂದೇ ಕೂತು ಮೂರು ಪುಟದ ದೂರು ಬರೆದಳು. ಗುರುತು ಯಾಕಿರಲಿಲ್ಲ? ಯಾರ ತಪ್ಪು? ಹೆಸರು ಹೇಳಿ. ಮಗಳ ಪ್ರಶ್ನೆಗಳೆಲ್ಲ ನ್ಯಾಯವಾದವೇ. ಆದರೆ ಹೆಸರು ಹೇಳಿ ಎಂದು ಕೇಳಿದರೆ ದೊಡ್ಡ ಸಂಸ್ಥೆಗಳಿಗೆ ಬಹಳ ಸಂತೋಷ. ಹದಿನೆಂಟು ಹಾಸಿಗೆಗೆ ಒಬ್ಬಳೇ ಯಾಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದಕ್ಕಿಂತ ಒಂದು ಹೆಸರು ಹುಡುಕುವುದು ಸಲೀಸು. ಎರಡೇ ದಿನದಲ್ಲಿ ಹೆಸರು ಸಿಕ್ಕಿತು. ಫೈಲಿಗೆ ಗುರುತು ಹಚ್ಚಬೇಕಾಗಿದ್ದ ಸರದಿ ಆ ಗುತ್ತಿಗೆಯ ಸಿಸ್ಟರದ್ದು. ಮೂರು ದಿನದೊಳಗೆ ವಿವರಣೆ ಕೊಡಬೇಕು, ಇಲ್ಲವಾದರೆ ಗುತ್ತಿಗೆ ಮುಗಿಯಿತು ಎಂದು ಅವಳಿಗೆ ಪತ್ರ ಹೋಯಿತು. ಹಾಗೆ ಮುಗಿಸಿಕೊಂಡವಳನ್ನು ಇನ್ನೊಂದು ಆಸ್ಪತ್ರೆ ಸೇರಿಸಿಕೊಳ್ಳುವುದಿಲ್ಲ.

ಸಿಸ್ಟರ್ ಅಂಗಲಾಚಲು ಬರಲಿಲ್ಲ. ಎಂದಿನಂತೆ ವೈರು ಬದಲಾಯಿಸಲು ಬಂದಳು. ಮಗಳು ಮುಖ ತಿರುಗಿಸಿಕೊಂಡು ಕೂತಿದ್ದಳು.

"ನಾನು ಹಚ್ಚಿದ್ದೆ" ಎಂದಳು ಸಿಸ್ಟರ್, ಯಾರನ್ನೂ ನೋಡದೆ.

"ಹಚ್ಚಿದ್ರೆ ಎಲ್ಲಿ ಹೋಯ್ತು? ರೆಕ್ಕೆ ಬಂತಾ ಅದಕ್ಕೆ?"

"ಅದು ನನಗೆ ಗೊತ್ತಿಲ್ಲ ಮೇಡಂ. ನಾನು ಹಚ್ಚಿದ್ದೆ."

ಅವಳು ಹೋದ ಮೇಲೆ ಬಾಣದಕ್ಕ ಕೇಳಿದಳು: "ಏನು ಹಚ್ಚಿದ್ದರ ಬಗ್ಗೆ ಹೇಳ್ತಿದ್ದೀರಾ ನೀವಿಬ್ರೂ?"

ಆಕೆಗೆ ಆ ತನಕ ಯಾರೂ ಹೇಳಿರಲಿಲ್ಲ. ಮಗಳು ವಿವರಿಸಿದಳು. ಕೇಳುತ್ತಾ ಕೇಳುತ್ತಾ ಬಾಣದಕ್ಕ, ಮಗಳು ತಂದಿದ್ದ ಸೇಬುಗಳನ್ನು ಒಂದೊಂದಾಗಿ ಕೈಗೆತ್ತಿಕೊಳ್ಳುತ್ತಿದ್ದಳು. ಹೇಳಿ ಮುಗಿಸಿ ಮಗಳು ನೋಡುತ್ತಾಳೆ, ಐದು ಸೇಬಿನ ಮೇಲಿದ್ದ ಅಂಗಡಿಯ ಐದೂ ಸ್ಟಿಕರುಗಳು ಮಂಚದ ಕಂಬಿಯ ಮೇಲೆ ಸಾಲಾಗಿ ಅಂಟಿ ಕೂತಿವೆ, ನಡುವೆ ಅಳೆದಿಟ್ಟಂತೆ ಸಮಾನ ಅಂತರ. ತಾಯಿಯ ಕಣ್ಣು ಅತ್ತ ಇರಲೇ ಇಲ್ಲ.

ಇಬ್ಬರೂ ಆ ಕಂಬಿಯನ್ನು ನೋಡಿದರು.

"ಅಮ್ಮ, ಬೇಡ" ಎಂದಳು ಮಗಳು.

"ಏನು ಬೇಡ? ನಾನಿನ್ನೂ ಏನೂ ಹೇಳಿಲ್ಲ."

"ಹೇಳೋಕೆ ಹೊರಟಿದ್ದೀಯಲ್ಲ, ಅದು ಬೇಡ."

ಬಾಣದಕ್ಕ ನೆನಪನ್ನು ಕೆದಕಿದಳು. ಸಿಕ್ಕಿದ್ದು ಒಂದಲ್ಲ, ಮೂರು. ಒಂದರಲ್ಲಿ ಎಕ್ಸ್‌ರೇ ಸಾಲಿನಲ್ಲಿ ಕೂತು, ಸರಿಹೋಯಿತಲ್ಲ ಎಂದುಕೊಂಡು ಮಡಿಲಲ್ಲಿದ್ದ ಏನನ್ನೋ ಕಿತ್ತು ಕುರ್ಚಿಯ ತೋಳಿಗೆ ಒತ್ತುತ್ತಿದ್ದಾಳೆ. ಇನ್ನೊಂದರಲ್ಲಿ ಮಡಿಲಲ್ಲಿರುವುದು ನೀಲಿ ಅಂಗಿ, ಮುಂದಿರುವುದು ಕಾರ್ಖಾನೆಯ ಮೇಜು, ಸೂಪರ್‌ವೈಸರ್ ಬರುವ ಹೊತ್ತಾಗಿದೆ. ಅದು ಜ್ವರದ ಕನಸೇ ಇರಬೇಕು. ಮೂರನೆಯದರಲ್ಲಿ ಆಕೆ ಕೈ ಕಟ್ಟಿಕೊಂಡು ಸುಮ್ಮನೆ ಕೂತಿದ್ದಾಳೆ. ಮೂರರಲ್ಲೂ ಬಾಯಿ ಒಣಗಿದ ನೆನಪು ಒಂದೇ. ಯಾವುದು ನಡೆದದ್ದು?

"ಆ ಗಾಲಿ ಕುರ್ಚಿಗಳನ್ನ ಹೋಗಿ ನೋಡ್ಕೊಂಡು ಬರ್ತೀಯಾ?" ಎಂದು ಮಗಳನ್ನು ಕೇಳಿದಳು. "ತೋಳಿನ ಕೆಳಗೆ ನೋಡು."

"ನನಗೆ ಬೇರೆ ಕೆಲಸ ಇಲ್ವಾ? ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಹುಡುಗೀರ ತಪ್ಪು ಮುಚ್ಚಿದ್ದು ಸಾಕಾಗಿಲ್ಲ ನಿನಗೆ, ಇಲ್ಲೂ ಶುರು ಮಾಡಿದ್ದೀಯ. ಅವಳು ಹಚ್ಚೋಕೆ ಮರೆತಿದ್ದಾಳೆ, ಅಷ್ಟೇ. ನೀನು ಸತ್ತಿದ್ರೆ?"

"ಸತ್ತಿಲ್ವಲ್ಲ."

"ಸತ್ತಿದ್ರೆ ಅಂತ ಕೇಳ್ದೆ ನಾನು!"

ತಪ್ಪು ಮುಚ್ಚಿದ್ದು ಎಂಬ ಮಗಳ ಮಾತು ಬಾಣದಕ್ಕನ ಮನಸ್ಸಿಗೆ ನಾಟಿತ್ತು. ತಾನು ಕಿತ್ತೆ ಅನ್ನಿಸುವುದು ಕಿತ್ತದ್ದರಿಂದಲೋ, ಆ ಹುಡುಗಿಯನ್ನು ಯಾರದೋ ಮೇಜಿನ ಪಕ್ಕ ನಿಲ್ಲಿಸುತ್ತಾರೆ ಎಂಬ ಸಂಕಟದಿಂದಲೋ? ಕರುಣೆಗೆ ಇಲ್ಲದ ನೆನಪನ್ನು ಹುಟ್ಟಿಸುವ ಶಕ್ತಿ ಇದೆಯಾ? ಮಂದಿಯ ಹೊಲಿಗೆ ನೋಡಿ ಸರಿ ತಪ್ಪು ಹೇಳಿದವಳಿಗೆ ತನ್ನ ಒಳಗಿನದು ಸರಿಯೋ ತಪ್ಪೋ ತಿಳಿಯದೆ ಹೋಯಿತು. ಪಕ್ಕದ ಪೆಟ್ಟಿಗೆಯಲ್ಲಿ ಗೆರೆ ಒಮ್ಮೆ ತಾಳಕ್ಕೆ ಸರಿಯಾಗಿ ಓಡುತ್ತಿತ್ತು, ಒಮ್ಮೆ ಎಡವುತ್ತಿತ್ತು.

ಮಗಳು ಮನೆಗೆ ಹೋಗುವ ಮುನ್ನ ಕೆಳಗಿಳಿದು ಎಕ್ಸ್‌ರೇ ಕೋಣೆಯ ಮುಂದೆ ನಿಂತಳು. ಅಲ್ಲಿ ಹನ್ನೊಂದು ಗಾಲಿ ಕುರ್ಚಿಗಳಿದ್ದವು. ಬಗ್ಗಿ, ಮೊಣಕಾಲೂರಿ, ಎಲ್ಲದರ ತೋಳುಗಳನ್ನು ಕೆಳಗಿನಿಂದ ನೋಡಿದಳು. ದಿನಕ್ಕೆ ಎರಡು ಸಲ ಔಷಧಿ ನೀರಿನಲ್ಲಿ ಒರೆಸುವ ಕುರ್ಚಿಗಳು. ಒಂಬತ್ತನೆಯದರ ತೋಳಿನ ಕೆಳಗೆ ಉಗುರಗಲದ ಒಂದು ಅಂಟಿನ ಕಲೆ, ಅದಕ್ಕೆ ಕಪ್ಪು ನೂಲು ಮೆತ್ತಿಕೊಂಡಿತ್ತು. ಸ್ಟಿಕರಿನದೇ ಇರಬಹುದು. ಹತ್ತಿ ಅಂಟಿಸುವ ಬಿಳಿ ಟೇಪಿನದೂ ಇರಬಹುದು. ಆ ಕುರ್ಚಿಯಲ್ಲೇ ತಾಯಿ ಕೂತಿದ್ದಳು ಎನ್ನಲು ಆಧಾರವೂ ಇರಲಿಲ್ಲ.

ಮಾರನೆಯ ದಿನ ತಾಯಿ ಕೇಳಿದಾಗ, "ಏನೂ ಇಲ್ಲ" ಎಂದಳು.

ವಿಚಾರಣೆ ನಡೆದದ್ದು ಬೆಳಗ್ಗೆ ಹನ್ನೊಂದಕ್ಕೆ, ಸೂಪರಿಂಟೆಂಡೆಂಟರ ಕೋಣೆಯಲ್ಲಿ. ಕಿಟಕಿಗಳನ್ನೆಲ್ಲ ತೆರೆದಿದ್ದರು. ಮೇಜಿನ ಆಚೆ ಅವರು, ಪಕ್ಕದಲ್ಲಿ ವಾರ್ಡಿನ ಮುಖ್ಯಸ್ಥೆ, ಗೋಡೆಯ ಬಳಿ ಸಿಸ್ಟರ್. ಕುರ್ಚಿಗಳಿದ್ದರೂ ಅವಳು ನಿಂತೇ ಇದ್ದಳು. ಮಗಳು ತಾಯಿಯನ್ನು ಗಾಲಿ ಕುರ್ಚಿಯಲ್ಲಿ ತಳ್ಳಿಕೊಂಡು ಬಂದಳು.

ಸೂಪರಿಂಟೆಂಡೆಂಟರು ಸಭ್ಯರು. ಟೈಪ್ ಮಾಡಿಸಿಟ್ಟಿದ್ದ ಹಾಳೆಯನ್ನು ಮುಂದೆ ಸರಿಸಿ, "ಇಲ್ಲೊಂದು ಸಹಿ ಸಾಕಮ್ಮ, ನಿಮಗೆ ಆಯಾಸ ಮಾಡೋದು ಬೇಡ" ಎಂದರು.

"ಏನು ಬರ್ದಿದೆ?"

"ವಾರ್ಡ್ ಬದಲಾಯಿಸುವಾಗ ನಿಮ್ಮ ಫೈಲಿನ ಮೇಲೆ ಗುರುತು ಇರಲಿಲ್ಲ ಅಂತ. ಅದು ನಿಜ ತಾನೆ?"

"ಅದು ನಿಜ. ಅದರ ಕೆಳಗೆ ಇನ್ನೊಂದು ಸಾಲು ಹಾಕಿ. ಗುರುತು ನಾನೇ ಕಿತ್ತಿರಬೇಕು."

ಸೂಪರಿಂಟೆಂಡೆಂಟರು ಮಗಳನ್ನು ನೋಡಿದರು. ಮಗಳು ನೆಲ ನೋಡಿದಳು.

"ಕಿತ್ತಿರಬೇಕು ಅಂದ್ರೆ? ಕಿತ್ರಾ, ಇಲ್ವಾ?"

"ಅದು ನನಗೆ ಸರಿಯಾಗಿ ಗೊತ್ತಿಲ್ಲ. ಜ್ವರ ಇತ್ತು. ಡಾಕ್ಟ್ರು ಸರಿಹೋಯ್ತು ಅಂದ್ರು. ಸರಿಹೋದ್ಮೇಲೆ ಗುರುತು ಕೀಳೋದು ನನ್ನ ಕೆಲಸ ಸ್ವಾಮಿ. ಕೈ ತಾನಾಗಿ ಮಾಡುತ್ತೆ, ನನ್ನ ಕೇಳಲ್ಲ."

"ಕೈ ಮಾಡುತ್ತೆ ಅಂತೆಲ್ಲ ಹೇಳಿಕೆಯಲ್ಲಿ ಬರೆಯೋಕಾಗಲ್ಲಮ್ಮ. ಹೌದು ಅಥವಾ ಇಲ್ಲ."

"ಹೌದು ಅಂದ್ರೆ ಸುಳ್ಳಾದ್ರೂ ಆಗ್ಬಹುದು. ಇಲ್ಲ ಅಂದ್ರೂ ಸುಳ್ಳಾಗ್ಬಹುದು. ನೀವೇ ಹೇಳಿ, ಯಾವ ಸುಳ್ಳು ಬರೀಲಿ?"

ವಾರ್ಡಿನ ಮುಖ್ಯಸ್ಥೆ ನಡುವೆ ಬಾಯಿ ಹಾಕಿದರು. "ಪಾಪ, ಒಳ್ಳೆ ಮನಸ್ಸು ಸಾರ್ ಅವರದ್ದು. ಹುಡುಗಿಯನ್ನ ಉಳಿಸೋಕೆ ಹೇಳ್ತಿದ್ದಾರೆ."

ಆಗ ಗೋಡೆಯ ಬಳಿಯಿಂದ ಸಿಸ್ಟರ್ ಮಾತಾಡಿದಳು. "ಉಳಿಸೋಕೆ ಹೇಳೋದಾದ್ರೆ ಬೇಡ ಅಮ್ಮ. ಕರುಣೆಯಿಂದ ಉಳಿಸಿದ್ರು ಅಂತ ಎಲ್ರೂ ಹೇಳ್ತಾರೆ. ಹಚ್ಚಿದ್ದಳು ಅಂತ ಒಬ್ರೂ ಹೇಳಲ್ಲ."

ಬಾಣದಕ್ಕ ಆ ಹುಡುಗಿಯ ಕಡೆ ತಿರುಗಿದಳು. ತನ್ನ ಮೇಜಿನ ಮುಂದೆ ಇಷ್ಟು ವರ್ಷ ನಿಂತು ಹೋದ ಹುಡುಗಿಯರಲ್ಲಿ ಒಬ್ಬಳೂ ಹೀಗೆ ಹೇಳಿರಲಿಲ್ಲ. ಬಾಣ ಕಿತ್ತರೆ ಸಾಕು ಎಂದು ಎಲ್ಲರೂ ಉಸಿರು ಬಿಟ್ಟಿದ್ದರು. ಬಾಣ ಬೀಳಬಾರದಿತ್ತು ಎಂದು ಜಗಳ ಮಾಡಿದವಳು ಇವಳೇ ಮೊದಲು.

ಎದೆಯೊಳಗೆ ಮತ್ತೆ ಏನೋ ಕುಟ್ಟಿತು. ಕಾಯಿಲೆಯೋ ಭಯವೋ ತಿಳಿಯಲಿಲ್ಲ.

"ಪೆನ್ ಕೊಡಿ" ಎಂದಳು.

"ಟೈಪ್ ಮಾಡಿದ್ದನ್ನ ಬದಲಾಯಿಸೋ ಹಾಗಿಲ್ಲ..."

"ಬದಲಾಯಿಸಲ್ಲ ಸ್ವಾಮಿ. ಕೆಳಗೆ ಜಾಗ ಇದೆಯಲ್ಲ."

ಕೈಬರಹ ದುಂಡಗಿತ್ತು, ಬರೆಯಲು ಬಹಳ ಹೊತ್ತು ಹಿಡಿಯಿತು. ಬರೆದದ್ದು ಇಷ್ಟು: 'ಸರಿಹೋದ ಪೀಸಿನಿಂದ ಗುರುತು ಕೀಳುವುದು ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ. ಈ ಬಣ್ಣದ ಅರ್ಥವನ್ನು ಯಾರೂ ನನಗೆ ಹೇಳಲಿಲ್ಲ. ಹೇಳಿದ್ದರೆ ಜ್ವರದಲ್ಲೂ ಮುಟ್ಟುತ್ತಿರಲಿಲ್ಲ. ಕಿತ್ತ ನೆನಪು ಗಟ್ಟಿ ಇಲ್ಲ, ಕೀಳದ ನೆನಪೂ ಗಟ್ಟಿ ಇಲ್ಲ. ಸಿಸ್ಟರ್ ಹಚ್ಚಲಿಲ್ಲ ಎಂದು ನಾನು ಸಹಿ ಮಾಡಲಾರೆ.'

ಸಹಿ ಮಾಡಲಾರೆ ಎಂಬುದರ ಕೆಳಗೆ ಸಹಿ ಮಾಡಿದಳು.

ಸೂಪರಿಂಟೆಂಡೆಂಟರು ಅದನ್ನು ಎರಡು ಸಲ ಓದಿದರು. ಮೊದಲ ಸಲ ಬೇಸರದಿಂದ ಓದಿದರು, ಎರಡನೇ ಸಲ ನಿಧಾನವಾಗಿ, 'ಯಾರೂ ನನಗೆ ಹೇಳಲಿಲ್ಲ' ಎಂಬಲ್ಲಿ ಬೆರಳಿಟ್ಟುಕೊಂಡು. ಕೋಣೆಯಲ್ಲಿದ್ದವರಿಗೆಲ್ಲ ಆ ಬೆರಳು ಕಾಣಿಸಿತು.

"ಒಂಬತ್ತನೇ ಕುರ್ಚಿ ಕೆಳಗೆ ಅಂಟಿನ ಕಲೆ ಇದೆ" ಎಂದಳು ಮಗಳು, ಥಟ್ಟನೆ. ತಾಯಿ ತಿರುಗಿದಳು. "ಇದೆ ಅಮ್ಮ. ನೋಡಿದ್ದೆ. ಯಾತರದ್ದು ಅಂತ ಗೊತ್ತಿಲ್ಲ. ಆದ್ರೆ ಏನೂ ಇಲ್ಲ ಅಂದಿದ್ದು ಸುಳ್ಳು."

ಹೋಗಿ ನೋಡಿ ಬರಲು ಜನ ಕಳಿಸಿದರು. ಹೋದವನು ವಾಪಸ್ ಬಂದು, ಕುರ್ಚಿಗಳಿಗೆ ನಂಬರೇ ಇಲ್ಲ ಸಾರ್, ಯಾವುದು ಒಂಬತ್ತನೆಯದು ಎಂದು ಕೇಳಿದ.

ಸಿಸ್ಟರನ್ನು ತೆಗೆದುಹಾಕುವ ಪತ್ರ ಹೊರಡಲಿಲ್ಲ. ತಪ್ಪಿಲ್ಲ ಎಂಬ ಪತ್ರವೂ ಹೊರಡಲಿಲ್ಲ. ಗುತ್ತಿಗೆಯನ್ನು ಮೂರು ತಿಂಗಳು ಮುಂದುವರಿಸಿ, ಅವಳನ್ನು ಇಸಿಜಿ ತೆಗೆಯುವ ಕೋಣೆಗೆ ಹಾಕಿದರು. ಇನ್ನು ಮುಂದೆ ರೋಗಿಗಳ ಕೈಗೆ ಫೈಲು ಕೊಡಕೂಡದು ಎಂದು ಸುತ್ತೋಲೆ ಬಂತು. ಅದು ಗೋಡೆಯ ಮೇಲೆ ಈಗಲೂ ಇದೆ. ಕಿತ್ತಳೆ ಎಂದರೆ ಏನು ಎಂದು ರೋಗಿಗೆ ಹೇಳಿ ಎಂಬ ಸುತ್ತೋಲೆಯನ್ನು ನಾನು ಗೋಡೆಗೋಡೆಯಲ್ಲೂ ಹುಡುಕಿದೆ. ಸಿಗಲಿಲ್ಲ. ತಪ್ಪಿನಿಂದ ಕಲಿತದ್ದು ಏನಪ್ಪಾ ಅಂದರೆ, ರೋಗಿಯ ಕೈ ದೂರ ಇಡಬೇಕು!

ಬಾಣದಕ್ಕ ಮನೆಗೆ ಬಂದಳು. ರಕ್ತ ಗಟ್ಟಿಯಾಗದ ಹಾಗೆ ಒಂದು ಮಾತ್ರೆ, ಬಡಿತಕ್ಕೆ ಒಂದು ಮಾತ್ರೆ. ಎಷ್ಟು ದಿನ ನುಂಗಬೇಕು ಎಂದರೆ ಒಬ್ಬರು ಮೂರು ತಿಂಗಳು ಎಂದರು, ಇನ್ನೊಬ್ಬರು ನೋಡೋಣ ಎಂದರು. ಜ್ವರದ ಜೊತೆ ಬಂದದ್ದು ಜ್ವರದ ಜೊತೆ ಹೋಯಿತೋ, ಒಳಗೇ ಕೂತಿದೆಯೋ, ಆಕೆಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆದು ಸಹಿ ಹಾಕಿದವಳು ಅವರಲ್ಲಿ ಆಕೆಯೊಬ್ಬಳೇ.

ಆರು ವಾರದ ಮೇಲೆ ಪರೀಕ್ಷೆಗೆ ಹೋದಾಗ ಇಸಿಜಿ ಕೋಣೆಯಲ್ಲಿ ಅದೇ ಸಿಸ್ಟರ್. ಮಂಚದ ಮೇಲೆ ಮಲಗಿಸಿ, ಎದೆಗೆ ತಣ್ಣನೆಯ ಅಂಟು ಹಚ್ಚಿ, ಒಂದೊಂದೇ ವೈರು ಸಿಕ್ಕಿಸತೊಡಗಿದಳು. ಬಾಗಿಲು ಹಾಕಿತ್ತು, ಮಗಳು ಹೊರಗಿದ್ದಳು.

"ಅಮ್ಮ, ಇಲ್ಲಿ ಯಾರೂ ಇಲ್ಲ. ನಿಜ ಹೇಳಿ, ನೀವೇ ಕಿತ್ತಿದ್ರಾ?"

"ಬರ್ದುಕೊಟ್ಟಿದ್ದೀನಲ್ಲ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ."

ಸಿಸ್ಟರ್ ಕೊನೆಯ ವೈರು ಹಿಡಿದುಕೊಂಡು ನಿಂತೇ ಇದ್ದಳು. "ಆವತ್ತು ಎಷ್ಟು ಫೈಲಿಗೆ ಹಚ್ಚಿದ್ದೆ ಅಂತ ಲೆಕ್ಕ ಇಲ್ಲ. ಹಚ್ಚಿದ್ದೆ ಹಚ್ಚಿದ್ದೆ ಅಂತ ಎಲ್ರ ಮುಂದೆ ಅಷ್ಟು ಸಲ ಹೇಳ್ದೆ. ಈಗ ಮಲಗಿದ್ರೆ ನಿಮ್ಮ ಫೈಲು ಕಣ್ಣ ಮುಂದೆ ಬರುತ್ತೆ. ಒಂದು ಸಲ ಗುರುತು ಇರುತ್ತೆ, ಒಂದು ಸಲ ಇರಲ್ಲ."

ಬಾಣದಕ್ಕ ಏಳಲು ಹೋದಳು. ಹುಡುಗಿ ಭುಜ ಹಿಡಿದು ಮಲಗಿಸಿದಳು.

"ಹಾಗಾದ್ರೆ ನಮ್ಮಿಬ್ರಿಗೂ..." ಎಂದಳು ಬಾಣದಕ್ಕ.

"ಮಾತಾಡ್ಬೇಡಿ ಅಮ್ಮ, ಅಲುಗಾಡಿದ್ರೆ ಗೆರೆ ಕೆಡುತ್ತೆ. ಒಂದು ಹತ್ತು ಸೆಕೆಂಡು."

ಕೊನೆಯ ವೈರು ಸಿಕ್ಕಿಸಿ ಅವಳು ಗುಂಡಿ ಒತ್ತಿದಳು. ಯಂತ್ರದಿಂದ ಗುಲಾಬಿ ಕಾಗದ ಸರಸರ ಹೊರಗೆ ಬರತೊಡಗಿತು. ಇಬ್ಬರೂ ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತಿದ್ದರು.